ಗೆರೆ ಮೇಷ್ಟ್ರು ಪೆಟ್ಟಿಗೆಗೆ ಹುಡುಕಿದ ಜಾಗ

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಸರ್ಕಾರದ ನಕ್ಷೆ ಕಚೇರಿಯಲ್ಲಿ ಜವಾನನಿಂದ ಹಿಡಿದು ನಿರ್ದೇಶಕರ ತನಕ ಎಲ್ಲರಿಗೂ ಅವರು ಗೆರೆ ಮೇಷ್ಟ್ರು. ಹೊಸದಾಗಿ ಕೆಲಸಕ್ಕೆ ಸೇರಿದವರ ಕೈಯಲ್ಲಿ ತಿಂಗಳುಗಟ್ಟಲೆ ಬರೀ ಗೆರೆ ಎಳೆಸುತ್ತಿದ್ದರು. ನದಿಯ ಗೆರೆ ಹುಟ್ಟುವಲ್ಲಿ ಸಣ್ಣಗಿರಬೇಕು, ಹೋಗ್ತಾ ಹೋಗ್ತಾ ದಪ್ಪಗಾಗಬೇಕು. ಗಡಿಯ ಗೆರೆ ಎಲ್ಲೂ ನಡುಗಬಾರದು. “ನದಿ ಬೇಕಾದ್ರೆ ಕುಡಿದೋನ ಹಾಗೆ ಹೋಗ್ಲಿ, ಯಾರೂ ಕೇಳಲ್ಲ. ಗಡಿ ತೂರಾಡಿದ್ರೆ ಯುದ್ಧ ಆಗತ್ತೆ, ನೆನಪಿರಲಿ” ಎನ್ನುತ್ತಿದ್ದರು. ಹೊಸಬರು ನಕ್ಕರೆ ಅವರೂ ನಗುತ್ತಿದ್ದರು, ಹಾಳೆ ಮಾತ್ರ ಹರಿದು ಬುಟ್ಟಿಗೆ ಹಾಕಿ ಮತ್ತೊಂದು ಕೊಡುತ್ತಿದ್ದರು.

ಕಚೇರಿಯ ಎರಡನೆಯ ಮಹಡಿಯಲ್ಲಿ ಉದ್ದನೆಯ ಹಜಾರ. ಇಳಿಜಾರಾದ ಮೇಜುಗಳು, ಎತ್ತರದ ಸ್ಟೂಲುಗಳು, ಮೇಜಿಗೊಂದು ಕತ್ತು ಬಾಗಿಸಿದ ದೀಪ. ಕಂಪ್ಯೂಟರು ಇನ್ನೂ ಆ ಕಟ್ಟಡದ ಮೆಟ್ಟಿಲು ಹತ್ತಿರಲಿಲ್ಲ. ತಲೆಯ ಮೇಲೆ ಫ್ಯಾನುಗಳೇನೋ ಇದ್ದವು, ಹಾಕುವಂತಿರಲಿಲ್ಲ. ಹಾಕಿದರೆ ಹಾಳೆಗಳೆಲ್ಲ ಹಾರುತ್ತಿದ್ದವು. ಬೇಸಿಗೆಯಲ್ಲಿ ಎಲ್ಲರೂ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದರು, ಏಕೆಂದರೆ ಒಂದು ಹನಿ ಬೆವರು ಬಿದ್ದರೆ ಒಂದು ಜಿಲ್ಲೆಯೇ ಹೋದಂತೆ.

ನಕ್ಷೆಯ ಒಂದು ಮೂಲೆಯಲ್ಲಿ ಚೌಕವೊಂದು ಇರುತ್ತದಲ್ಲ, ಕೆಂಪು ಗೆರೆ ಎಂದರೆ ರಸ್ತೆ, ಚುಕ್ಕೆ ಗೆರೆ ಎಂದರೆ ಹಡಗಿನ ದಾರಿ ಎಂದೆಲ್ಲ ವಿವರಿಸುವುದು, ಅದಕ್ಕೆ ಆ ಹಜಾರದಲ್ಲಿ ಪೆಟ್ಟಿಗೆ ಎಂದು ಹೆಸರು. ಪೆಟ್ಟಿಗೆ ಎಲ್ಲಿ ಕೂತರೂ ಅದರ ಅಡಿ ಇದ್ದದ್ದು ಮುಚ್ಚಿಹೋಗುತ್ತದೆ. ಹಾಗಾಗಿ ಹಿಂದಿನವರು ಒಂದು ಪದ್ಧತಿ ಮಾಡಿಟ್ಟಿದ್ದರು: ಪೆಟ್ಟಿಗೆಯನ್ನು ಸಮುದ್ರಕ್ಕೆ ಹಾಕು. ಸಮುದ್ರದಲ್ಲಿ ಮುಚ್ಚಿಹೋಗಲು ಏನಿದೆ, ನೀರು ತಾನೇ? ಮೇಷ್ಟ್ರು ಕೆಲಸಕ್ಕೆ ಸೇರಿದಂದಿನಿಂದ ಬರೆದ ಪೆಟ್ಟಿಗೆಗಳೆಲ್ಲ ನೀರಿಗೇ ಬಿದ್ದಿದ್ದವು. ಬೇರೆ ಎಲ್ಲಾದರೂ ಹಾಕಬೇಕಾದೀತು ಎಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ.

ಮೇಷ್ಟ್ರ ಹೆಂಡತಿ ಬೇರೆ ದೇಶದವರು. ಉತ್ತರಕ್ಕೆ, ನೆರೆಯ ದೇಶವನ್ನೂ ದಾಟಿ ಹೋದರೆ ಸಿಗುವ ಗುಡ್ಡಗಾಡಿನ ಒಂದು ಪುಟ್ಟ ದೇಶ, ಕಡಲಿನ ಮುಖವನ್ನೇ ಕಾಣದ್ದು. ಒಂದು ಕಾಲಕ್ಕೆ ಎರಡೂ ದೇಶಗಳಿಗೆ ಎಲ್ಲಿಲ್ಲದ ಸ್ನೇಹ. ಎರಡೂ ಕಡೆಯ ನಾಯಕರು ಹೆಗಲ ಮೇಲೆ ಕೈ ಹಾಕಿಕೊಂಡು ನಿಂತ ಚಿತ್ರ ಅಂಚೆಚೀಟಿಯ ಮೇಲೂ ಬಂದಿತ್ತು. ಆ ಸ್ನೇಹದ ಲೆಕ್ಕದಲ್ಲಿ ಅಲ್ಲಿಯ ಹುಡುಗಿಯರು ಇಲ್ಲಿಗೆ ನರ್ಸಿಂಗ್ ಕಲಿಯಲು ಬರುತ್ತಿದ್ದರು. ಆಗಿನ್ನೂ ಮೇಷ್ಟ್ರಾಗಿರದ ಮೇಷ್ಟ್ರು ಶಾಯಿ ಕೆರೆಯುವ ಬ್ಲೇಡಿನಿಂದ ಬೆರಳು ಕೊಯ್ದುಕೊಂಡು ಆಸ್ಪತ್ರೆಗೆ ಹೋದರು. ಹೊಲಿಗೆ ಹಾಕಿದ ಹುಡುಗಿ ಇಲ್ಲಿಯ ಭಾಷೆಯನ್ನು ಹುಡುಕಿ ಹುಡುಕಿ ಜೋಡಿಸಿ, “ಗಾಯ ಚಿಕ್ಕದು, ನಿಮ್ಮ ಮುಖ ದೊಡ್ಡದು ಮಾಡಿದೀರಿ” ಅಂದಳು. ಗಾಯ ಒಣಗಿದ ಮೇಲೂ ಅವರು ಆಸ್ಪತ್ರೆಗೆ ಹೋಗುವುದನ್ನು ಬಿಡಲಿಲ್ಲ. ವರ್ಷ ತುಂಬುವುದರೊಳಗೆ ಮದುವೆಯಾಯಿತು. ಬೀದಿಯವರ ಬಾಯಲ್ಲಿ ಆಕೆ ನರ್ಸಮ್ಮನಾದರು.

ಮಕ್ಕಳಾಗಲಿಲ್ಲ. ಕೊರಗಿದರು, ಆಮೇಲೆ ಕೊರಗುವುದನ್ನು ಬಿಟ್ಟರು. ನರ್ಸಮ್ಮನಿಗೆ ಎಲ್ಲವೂ ಒಗ್ಗಿತು, ಊಟ, ಮಾತು, ಗಂಡನ ಗೊರಕೆ. ಒಂದನ್ನು ಮಾತ್ರ ಬದಲಿಸಲು ಒಪ್ಪಲಿಲ್ಲ, ತಮ್ಮ ಪಾಸ್‌ಪೋರ್ಟು. ಈ ದೇಶದ್ದು ತೆಗೆದುಕೊಂಡರೆ ಆ ದೇಶದ್ದನ್ನು ಬಿಡಬೇಕಿತ್ತು. “ನಿಮ್ಮನ್ನ ಕಟ್ಕೊಂಡೆ, ನಿಮ್ಮ ಊರು ಕಟ್ಕೊಂಡೆ. ಇದೊಂದು ನಂದು ಅಂತ ಇರಲಿ ಬಿಡ್ರೀ” ಎನ್ನುತ್ತಿದ್ದರು. ತರಕಾರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಆ ದೇಶದ ರಾಯಭಾರ ಕಚೇರಿ ಇತ್ತು. ಹೆಸರಿಗೆ ರಾಯಭಾರ ಕಚೇರಿ, ನೋಡಿದರೆ ಹಲ್ಲಿನ ಡಾಕ್ಟರ ಮನೆ ಇದ್ದ ಹಾಗೆ. ಪಾಸ್‌ಪೋರ್ಟಿನ ಅವಧಿ ಮುಗಿದಾಗ ಚೀಲ ಹಿಡಿದು ಹೋಗಿ, ಅದನ್ನೂ ಮಾಡಿಸಿ, ಬಾಗಿಲು ಕಾಯುವವನ ಜೊತೆ ತಮ್ಮ ಕಡೆಯ ಮಾತಿನಲ್ಲಿ ಹರಟಿ, ತರಕಾರಿಯನ್ನೂ ತರುತ್ತಿದ್ದರು.

ನರ್ಸಮ್ಮನ ತಾಯಿ, ಮೇಷ್ಟ್ರ ಅತ್ತೆ, ಬಂದದ್ದು ಒಂದೇ ಸಲ, ಬಂದವರು ಚಳಿಗಾಲ ಪೂರ್ತಿ ಉಳಿದರು. ಅತ್ತೆಯ ಮಾತು ಅಳಿಯನಿಗೆ ತಿಳಿಯದು, ಅಳಿಯನದು ಅತ್ತೆಗೆ ತಿಳಿಯದು. “ಜಗಳ ಆಡದ ಅತ್ತೆ ಅಳಿಯ ಅಂದ್ರೆ ಇವರೇ ನೋಡಿ” ಎಂದು ನರ್ಸಮ್ಮ ಅಕ್ಕಪಕ್ಕದವರಿಗೆಲ್ಲ ತೋರಿಸುತ್ತಿದ್ದರು. ಒಂದು ರಜೆಯ ದಿನ ಮೇಷ್ಟ್ರು ಅತ್ತೆಯನ್ನು ಕಚೇರಿಗೆ ಕರೆದೊಯ್ದು, ಗೋಡೆಯ ನಕ್ಷೆಯ ಮುಂದೆ ನಿಲ್ಲಿಸಿ, ಅವರ ಬೆರಳು ಹಿಡಿದು ಅವರ ಊರಿನ ಮೇಲೆ ಇಟ್ಟರು. ಮುದುಕಿಗೆ ನಂಬಿಕೆ ಬರಲಿಲ್ಲ. ಇಷ್ಟು ಸಣ್ಣದಾ ಎಂದು ಕೈಯಲ್ಲೇ ಕೇಳಿದರು. ಅಳಿಯ ಹೌದೆಂದು ತಲೆಯಾಡಿಸಿದಾಗ, ಇಂಥ ಕೆಲಸಕ್ಕೆ ನಿನಗೆ ಸಂಬಳ ಬೇರೆ ಕೊಡುತ್ತಾರಾ ಎಂಬಂತೆ ನೋಡಿ ಅವರ ಕೆನ್ನೆ ತಟ್ಟಿದರು.

ಆಮೇಲೆ ಗಾಳಿ ತಿರುಗಿತು. ಹೊಸ ಸರ್ಕಾರ ಬಂತು, ದೇಶದ ಭವಿಷ್ಯ ದೂರದ ಸಮುದ್ರದಲ್ಲಿದೆ ಅಂದಿತು. ಸಾವಿರಾರು ಮೈಲಿ ಆಚೆ ದ್ವೀಪಗಳ ಗುಂಪು, ನಡುವೆ ಇಕ್ಕಟ್ಟಾದ ಜಲಸಂಧಿಗಳು. ಲೋಕದ ಸರಕೆಲ್ಲ ಅಲ್ಲಿ ಹಾದು ಹೋಗುತ್ತದಂತೆ. ಅಲ್ಲಿ ಸ್ನೇಹಿತರಿಲ್ಲದ ದೇಶಕ್ಕೆ ನಾಳೆ ಉಳಿಗಾಲವಿಲ್ಲವಂತೆ. ನಿನ್ನೆಯವರೆಗೆ ಆ ದ್ವೀಪಗಳ ಹೆಸರೇ ಕೇಳದ ಪತ್ರಿಕೆಯವರು ಅವು ತಮ್ಮ ಸೋದರಮಾವನ ಊರೋ ಎಂಬಂತೆ ಬರೆಯತೊಡಗಿದರು. ಮೇಷ್ಟ್ರಿಗೆ ಗಡ್ಡ ಹೆರೆಯುವವನು ಕತ್ತಿಯನ್ನು ಗಂಟಲಿಗೆ ಹಿಡಿದು, “ಜಲಸಂಧಿ ನಮ್ಮ ಕೈಲಿರಬೇಕು ಸಾರ್, ಏನಂತೀರಿ?” ಎಂದು ಕೇಳಿದ. ಆ ಹೊತ್ತಿನಲ್ಲಿ ಯಾರು ತಾನೇ ಬೇಡ ಎಂದಾರು. ಹಳೆಯ ಸ್ನೇಹಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಜಗಳವೇನೂ ಆಗಿರಲಿಲ್ಲ, ಮರೆತರು ಅಷ್ಟೆ. ಜಗಳವಾಗಿದ್ದರೆ ನೆನಪಾದರೂ ಇರುತ್ತಿತ್ತು.

ನಕ್ಷೆ ಕಚೇರಿಗೆ ಆಜ್ಞೆ ಬಂತು. ಮಂತ್ರಿಗಳ ಕೋಣೆಗೆ ಗೋಡೆಯಗಲದ ನಕ್ಷೆ ಬೇಕು. ನಮ್ಮ ದೇಶವೂ ಆ ದೂರದ ಸಮುದ್ರವೂ ಒಂದೇ ಹಾಳೆಯಲ್ಲಿ ಕಾಣಬೇಕು, ಸಮುದ್ರ ನಟ್ಟನಡುವೆ ಇರಬೇಕು, ಒಂದು ದ್ವೀಪವೂ, ಒಂದು ಬಂದರೂ, ಒಂದು ಹಡಗಿನ ದಾರಿಯೂ ಬಿಟ್ಟುಹೋಗಬಾರದು. ಕೆಲಸ ಮೇಷ್ಟ್ರ ಕೈಗೇ ಬಂತು. ಅವರಿಗೂ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಬೇಕು. ಅಂಥ ಹಾಳೆ ಜೀವಮಾನಕ್ಕೆ ಒಂದು ಸಿಗುತ್ತದೆ. ದ್ವೀಪಗಳ ಅಂಚನ್ನು ಭೂತಗನ್ನಡಿ ಹಿಡಿದು ಬರೆದರು. ನೀಲಿಯನ್ನು ಆಳಕ್ಕೆ ತಕ್ಕಂತೆ ಪದರ ಪದರವಾಗಿ ಬಿಟ್ಟರು. ಮನೆಗೆ ಬಂದರೂ ಕಣ್ಣು ಮುಚ್ಚಿದರೆ ದ್ವೀಪಗಳೇ. ನರ್ಸಮ್ಮ, “ಏನು, ಆ ಕಡೆ ಇನ್ನೊಂದು ಸಂಸಾರ ಹೂಡಿದೀರಾ ಹೇಗೆ?” ಎಂದು ಕಾಲೆಳೆದರು.

ಎಲ್ಲ ಮುಗಿದ ಮೇಲೆ ಪೆಟ್ಟಿಗೆಯ ಸರದಿ. ಆಗ ಮೇಷ್ಟ್ರಿಗೆ ಹೊಳೆಯಿತು, ಸಮುದ್ರದಲ್ಲಿ ಜಾಗವಿಲ್ಲ. ಇಷ್ಟು ಕಾಲ ಬರೀ ನೀರಾಗಿದ್ದದ್ದು ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಅಲ್ಲಿ ಬೆರಳಗಲ ಮುಚ್ಚಿದರೂ ಯಾರೋ ಒಬ್ಬರು ಬಂದು ನನ್ನ ಬಂದರು ಎಲ್ಲಿ ಎಂದು ಕೇಳುತ್ತಾರೆ. ಪೆಟ್ಟಿಗೆ ದಡ ಹತ್ತಲೇಬೇಕಾಯಿತು.

ಅದರ ಅಳತೆಗೆ ಒಂದು ರಟ್ಟು ಕತ್ತರಿಸಿ, ಹಾಳೆಯ ಮೇಲೆ ಸರಿಸುತ್ತ ಜಾಗ ಹುಡುಕುವುದು ಆ ಕಚೇರಿಯ ಕ್ರಮ. ಮೇಷ್ಟ್ರು ಎರಡು ದಿನ ರಟ್ಟು ಸರಿಸಿದರು. ಬಲಗಡೆ ಇಟ್ಟರೆ ದೊಡ್ಡ ದೇಶವೊಂದರ ರಾಜಧಾನಿ ಹೋಗುತ್ತದೆ. ಕೆಳಗಿಟ್ಟರೆ ತೈಲದ ಬಂದರು. ನಮ್ಮ ದೇಶದ ಮೇಲಂತೂ ಇಡುವ ಹಾಗೇ ಇಲ್ಲ. ನಿರ್ದೇಶಕರು ಬಾಗಿಲಲ್ಲೇ ನಿಂತು, “ಎಲ್ಲಾದ್ರೂ ಹಾಕಿ ಮುಗಿಸ್ರೀ, ಮಂತ್ರಿಗಳು ಕೇಳ್ತಿದ್ದಾರೆ” ಅಂದರು. ಕೊನೆಗೆ ರಟ್ಟು ಮೇಲೆ ಎಡಮೂಲೆಗೆ ಬಂತು. ಗುಡ್ಡಗಾಡು, ಹೆಸರುಗಳೂ ಕಡಿಮೆ. ಅಳೆದು ಹೊಲಿಸಿದ ಅಂಗಿಯಂತೆ ಕೂತಿತು. ಮೇಷ್ಟ್ರು ಒಮ್ಮೆ ರಟ್ಟು ಎತ್ತಿ ಅಡಿಯಲ್ಲಿದ್ದದ್ದನ್ನು ನೋಡಿದರು. ಹಿಂದೊಮ್ಮೆ ಅತ್ತೆಯ ಬೆರಳು ಹಿಡಿದು ತೋರಿಸಿದ್ದ ಊರಿನ ಚುಕ್ಕೆ ಅದರ ನಡುಮಧ್ಯದಲ್ಲೇ ಇತ್ತು. ರಟ್ಟು ಮತ್ತೆ ಅಲ್ಲೇ ಇಟ್ಟು, ಸುತ್ತ ಪೆನ್ಸಿಲು ಎಳೆದರು. ಅಂಚಿಗೆ ಎರಡೆಳೆ ಗೆರೆ ಕೊಟ್ಟು ಶಾಯಿ ತುಂಬಿದರು. ಆ ಪೆಟ್ಟಿಗೆಯಷ್ಟು ಚೊಕ್ಕವಾದದ್ದು ತಾವು ಮತ್ತೆ ಬರೆದಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

ನಕ್ಷೆ ಗೆದ್ದಿತು. ಮಂತ್ರಿಗಳು ಸಮುದ್ರದ ಮೇಲೆ ಕೈಯಾಡಿಸಿ ಭೇಷ್ ಎಂದರಂತೆ. ಪ್ರತಿಗಳು ಇಲಾಖೆ ಇಲಾಖೆಗೆ ಹೋದವು, ಗೋಡೆಗಳಿಗೆ ಏರಿದವು, ಕ್ಯಾಲೆಂಡರಿನ ಮೇಲೂ ಬಂದವು. ನಿರ್ದೇಶಕರಿಗೆ ಬಡ್ತಿ ಸಿಕ್ಕಿತು, ಮೇಷ್ಟ್ರಿಗೆ ಹೊಗಳಿಕೆ ಸಿಕ್ಕಿತು.

ಮರುವರ್ಷ ಪತ್ರಿಕೆಯ ಒಳಪುಟದಲ್ಲಿ ಒಂದು ಚಿಕ್ಕ ಸುದ್ದಿ. ದೂರದ ದ್ವೀಪಗಳಲ್ಲಿ ಹೊಸ ರಾಯಭಾರ ಕಚೇರಿಗಳು ತೆರೆಯುತ್ತವೆ, ಕೆಲವು ಹಳೆಯ ಕಚೇರಿಗಳನ್ನು ಪಕ್ಕದ ದೇಶದ ಕಚೇರಿಗಳ ಜೊತೆ ಸೇರಿಸಲಾಗುತ್ತದೆ. ಸೇರಿಸುವ ಸಾಲಿನಲ್ಲಿ ಗುಡ್ಡಗಾಡಿನ ದೇಶವೂ ಇತ್ತು. ಅವರಿಗೂ ಮಾನ ಇರುತ್ತದಲ್ಲ, ಮುನಿಸಿಕೊಂಡು ಇಲ್ಲಿಯ ತಮ್ಮ ಕಚೇರಿಯನ್ನೂ ಮುಚ್ಚಿದರು. ನರ್ಸಮ್ಮ ತರಕಾರಿಗೆ ಹೋದವರು ಹಾಗೇ ಹಿಂದಿನ ಬೀದಿಗೆ ಹೋಗಿ ನೋಡಿದರು. ಗೇಟಿಗೆ ಬೀಗ. ಬಾಗಿಲು ಕಾಯುವವನೂ ಇಲ್ಲ. ಮನೆಗೆ ಬಂದು, “ಹೇಳದೆ ಹೋಗಿಬಿಟ್ಟ ನೋಡಿ ಅವನು” ಎಂದು ಬೇಜಾರು ಮಾಡಿಕೊಂಡರು. ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದದ್ದು ಆಗ ಇಬ್ಬರಿಗೂ ತಲೆಗೆ ಹೋಗಲಿಲ್ಲ.

ತಲೆಗೆ ಹೋದದ್ದು ನಾದಿನಿಯ ಫೋನು ಬಂದ ದಿನ. ಅಮ್ಮನಿಗೆ ಲಕ್ವ ಹೊಡೆದಿದೆ, ಬಲಗಡೆ ಬಿದ್ದುಹೋಗಿದೆ, ಅಕ್ಕನನ್ನು ಕೇಳುತ್ತಿದ್ದಾಳೆ ಎಂದು ತಂಗಿ ಅತ್ತಳು. ನರ್ಸಮ್ಮ ಬೀರು ತೆಗೆದು ಪಾಸ್‌ಪೋರ್ಟು ನೋಡಿದರು, ಅವಧಿ ಮುಗಿದಿತ್ತು. ಹೊಸದು ಮಾಡಿಸಲು ಹತ್ತಿರದ ಕಚೇರಿ ಎಂದರೆ ಮತ್ತೊಂದು ದೇಶದಲ್ಲಿ. ಆ ದೇಶಕ್ಕೆ ಹೋಗಲು ಪಾಸ್‌ಪೋರ್ಟು ಬೇಕು. ಹಳೆಯದನ್ನು ಅಂಚೆಯಲ್ಲಿ ಕಳಿಸಿ ಕಾಯಬೇಕು, ಬೇರೆ ದಾರಿಯಿಲ್ಲ, ವಿಚಾರಿಸಿದ ಕಡೆಯಲ್ಲೆಲ್ಲ ಅದನ್ನೇ ಹೇಳಿದರು. ಅಂಚೆಗೆ ಹಾಕಿದರು.

ಮೇಷ್ಟ್ರು ಕಾಲಿಗೆ ಚಕ್ರ ಕಟ್ಟಿಕೊಂಡು ಅಲೆದರು. ಕೊನೆಗೆ ಬಡ್ತಿ ಪಡೆದಿದ್ದ ಹಿಂದಿನ ನಿರ್ದೇಶಕರ ಕೈಕಾಲು ಹಿಡಿದು ವಿದೇಶಾಂಗ ಇಲಾಖೆಯ ಒಬ್ಬ ಅಧಿಕಾರಿಯ ಭೇಟಿ ಗಿಟ್ಟಿಸಿದರು. ಅಧಿಕಾರಿ ಚಿಕ್ಕ ವಯಸ್ಸಿನವನು, ಒಳ್ಳೆಯವನೇ. ಎದ್ದು ಕುರ್ಚಿ ಕೊಟ್ಟ, ಚಹಾ ತರಿಸಿದ. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಮೇಷ್ಟ್ರ ನಕ್ಷೆ ಇತ್ತು.

“ಅಲ್ಲಿನ ನಮ್ಮ ಕಚೇರಿ ಮುಚ್ಚದೇ ಇದ್ದಿದ್ರೆ ಅವರೂ ಇಲ್ಲಿಂದ ಹೋಗ್ತಿರಲಿಲ್ಲ ಸಾರ್. ಯಾಕೆ ಮುಚ್ಚಿದ್ರಿ?” ಎಂದು ಮೇಷ್ಟ್ರು ಕೇಳಿದರು.

“ಯಾರ ಮೇಲೂ ದ್ವೇಷ ಇಲ್ಲ ನೋಡಿ. ಹೊಸ ಕಡೆ ಕಚೇರಿ ತೆರೀಬೇಕು, ಹಳೇ ಕಡೆ ಒಂದಿಷ್ಟು ಮುಚ್ಚಬೇಕು. ಯಾವುದನ್ನ ಅಂತ ಸಭೇಲಿ ದೊಡ್ಡ ಗಲಾಟೆ. ಸಾಹೇಬ್ರಿಗೆ ತಲೆ ಕೆಟ್ಟು, ಈ ನಕ್ಷೆ ತೋರಿಸಿ, ಇದರಲ್ಲಿ ಕಾಣೋದೆಲ್ಲ ಇರಲಿ, ಕಾಣದ್ದನ್ನ ಪಕ್ಕದ್ದಕ್ಕೆ ಸೇರಿಸಿಬಿಡಿ ಅಂದ್ರು. ಅಲ್ಲಿಗೆ ಎಲ್ಲರೂ ಸುಮ್ಮನಾದ್ರು.”

“ಆ ದೇಶ ಇದರಲ್ಲಿದೆ ಸಾರ್.”

ಅಧಿಕಾರಿ ತಿರುಗಿ ನಕ್ಷೆ ನೋಡಿದ, ಎದ್ದು ಹತ್ತಿರ ಹೋಗಿ ನೋಡಿದ. “ಎಲ್ಲಿದೆ? ಕಾಣಿಸ್ತಿಲ್ಲವಲ್ಲ.”

ಮೇಷ್ಟ್ರು ಎದ್ದು ಪೆಟ್ಟಿಗೆಯ ಮೇಲೆ ಬೆರಳಿಟ್ಟರು. “ಇದರ ಅಡಿ.”

ಅಧಿಕಾರಿ ನಾಲಿಗೆ ಕಚ್ಚಿಕೊಂಡ. “ನಾವು ನಕ್ಷೆ ಅಲ್ಲಿಗೆ ಮುಗೀತು ಅಂದ್ಕೊಂಡಿದ್ವಿ. ಅಲ್ಲ ರೀ, ಇದನ್ನ ತಂದು ಅಲ್ಲಿ ಇಟ್ಟೋರು ಯಾರು?”

ಮೇಷ್ಟ್ರು ಪೆಟ್ಟಿಗೆಯ ಮೇಲಿಂದ ಬೆರಳು ತೆಗೆದರು. “ನಮ್ಮ ಕಚೇರಿಯೋರು” ಅಂದರು. ಅಧಿಕಾರಿ ಕನಿಕರದಿಂದ, ಪಾಸ್‌ಪೋರ್ಟು ಬೇಗ ಕೊಡಿ ಎಂದು ಆ ದೇಶದ ಕಚೇರಿಗೆ ಒಂದು ಶಿಫಾರಸು ಬರೆದುಕೊಟ್ಟ. ಮುಂದಿನ ಮುದ್ರಣದಲ್ಲಿ ಪೆಟ್ಟಿಗೆಯನ್ನು ಬೇರೆ ಕಡೆ ಹಾಕಿಸುತ್ತೇನೆ ಎಂದೂ ಅಂದ. ಮುಚ್ಚಿದ ಕಚೇರಿಯನ್ನು ಮಾತ್ರ ತೆರೆಯಲಾಗುವುದಿಲ್ಲ, ಅಲ್ಲಿದ್ದವರೆಲ್ಲ ಆಗಲೇ ದ್ವೀಪಗಳಿಗೆ ಹೋಗಿಯಾಗಿದೆ ಎಂದ. ಸರ್ಕಾರಗಳು ತಪ್ಪು ಮಾಡುವುದು ಹೀಗೇ, ಯಾರಿಗೂ ಕೆಟ್ಟದ್ದು ಬಯಸದೆ, ಚಹಾ ಕುಡಿಯುತ್ತ. ಆದರೆ ಈ ತಪ್ಪಿನ ಮೊದಲ ಗೆರೆ ಮೇಷ್ಟ್ರದು. ಮನೆಗೆ ಬಂದು ಹೆಂಡತಿಗೆ ಶಿಫಾರಸಿನ ಸುದ್ದಿ ಹೇಳಿದರು. ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ.

ನರ್ಸಮ್ಮ ರಜೆ ಹಾಕಿ ಫೋನಿನ ಪಕ್ಕ ಕೂತರು. ತಾಯಿಯ ಶುಶ್ರೂಷೆಯನ್ನು ಅಲ್ಲಿಂದಲೇ ನಡೆಸಿದರು. ಮಗ್ಗುಲು ಬದಲಿಸು, ಬೆನ್ನು ನೋಡು, ಕೆಂಪಾಗಿದೆಯಾ? ನೀರನ್ನು ಚಮಚದಲ್ಲಿ ಕೊಡು, ತಲೆ ಎತ್ತಿ ಹಿಡಿ. ಉಸಿರಿನ ಸದ್ದು ಹೇಗಿದೆ, ಫೋನು ಹತ್ತಿರ ಹಿಡಿ, ಕೇಳ್ತೀನಿ. ಊರಿನವರ ತಾಯಂದಿರನ್ನೆಲ್ಲ ಕೈಯಾರೆ ನೋಡಿಕೊಂಡವರು, ತಮ್ಮ ತಾಯಿಯನ್ನು ತಂತಿಯ ಈಚೆಯಿಂದ ನೋಡಿಕೊಂಡರು. ರೋಗ ಯಾವ ದಾರಿ ಹಿಡಿದಿದೆ ಎಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೇಷ್ಟ್ರು ಪಕ್ಕದಲ್ಲಿ ಕೂತು, ಅರ್ಥವಾಗದ ಭಾಷೆಯಲ್ಲಿ ಹೆಂಡತಿಯ ದನಿ ದಿನದಿಂದ ದಿನಕ್ಕೆ ತಗ್ಗುವುದನ್ನು ಕೇಳಿದರು. ಅಂಚೆಯವನ ದಾರಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಅವನು ಬಂದ, ಹೋದ, ಪಾಸ್‌ಪೋರ್ಟು ಬರಲಿಲ್ಲ. ಒಂದು ಬೆಳಿಗ್ಗೆ ನರ್ಸಮ್ಮ, “ಉಸಿರು ಕೇಳ್ತಿಲ್ಲ, ಇನ್ನೂ ಹತ್ತಿರ ಹಿಡಿ” ಅಂದರು, ಇಲ್ಲಿಯ ಭಾಷೆಯಲ್ಲೇ ಅಂದರು. ಆ ಕಡೆ ತಂಗಿಗೆ ಅದು ಅರ್ಥವಾಗುವಂತಿರಲಿಲ್ಲ. ನರ್ಸಮ್ಮ ಫೋನು ಕೆಳಗಿಟ್ಟು, ಮುಖ ತೊಳೆಯಲು ಎದ್ದು ಹೋದರು.

ಪಾಸ್‌ಪೋರ್ಟು ಬಂದದ್ದು ಮಣ್ಣು ಮಾಡಿ ಬಹಳ ದಿನಗಳಾದ ಮೇಲೆ. ಹೊಸದು, ಗರಿಗರಿಯಾದದ್ದು. ನರ್ಸಮ್ಮ ಹೊರಡುತ್ತೇನೆ ಅಂದರು. ತಂಗಿ ಒಬ್ಬಳ ಕೈಲಾಗದು, ಅಮ್ಮನ ಮನೆಯ ಸಾಮಾನು ಹಂಚಬೇಕು. ಹೊರಡುವ ಹಿಂದಿನ ಸಂಜೆ ಆಕೆ ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದಾಗ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದರು, ರಟ್ಟು ಸರಿಸಿದ್ದು, ಶಾಯಿ ತುಂಬಿದ್ದು, ಅಧಿಕಾರಿ ಕೇಳಿದ್ದು, ತಾವು ಕಚೇರಿಯವರ ಮೇಲೆ ಹಾಕಿ ತಪ್ಪಿಸಿಕೊಂಡದ್ದು. ನರ್ಸಮ್ಮ ಮಡಿಸುವುದನ್ನು ನಿಲ್ಲಿಸಲಿಲ್ಲ.

“ಅದನ್ನ ಅಲ್ಲಿಡೋವಾಗ ನನ್ನ ನೆನಪು ಬರಲಿಲ್ವಾ ನಿಮಗೆ?” ಎಂದು ಕೇಳಿದರು.

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಕೆಲಸದ ಭರದಲ್ಲಿ ಮರೆತೆ ಅಂದರೆ ಯಾವ ಹೆಂಡತಿಯೂ ಇವತ್ತಲ್ಲ ನಾಳೆ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ. ಮೇಷ್ಟ್ರಿಗೆ ಆಕೆಯ ಮುಂದೆ ಸುಳ್ಳು ಹೇಳಿ ರೂಢಿಯಿರಲಿಲ್ಲ.

“ಬಂತು” ಅಂದರು. “ನೀನು ಹೇಗೂ ಇಲ್ಲೇ ಇದೀಯಲ್ಲ ಅಂದ್ಕೊಂಡೆ. ಇನ್ನು ಅಲ್ಲಿ ನಮ್ಮದು ಅಂತ ಏನಿದೆ ಅನ್ನಿಸ್ತು.”

ನರ್ಸಮ್ಮನ ಕೈ ಆಗ ನಿಂತಿತು. ಸಿಟ್ಟಿನಿಂದಲ್ಲ, ಒಂದು ವಿಷಯ ತಿಳಿಸಿಕೊಡುವವರ ಹಾಗೆ ಮೆಲ್ಲಗೆ, “ಅಲ್ಲಿ ನಮ್ಮಮ್ಮ ಇದ್ದಳಲ್ರೀ” ಅಂದರು.

ಹೋದರು, ಕೆಲವು ತಿಂಗಳಿದ್ದು ವಾಪಸ್ಸೂ ಬಂದರು. ಬರುವುದಿಲ್ಲವೇನೋ ಎಂದು ಮೇಷ್ಟ್ರು ಹೆದರಿದ್ದರು, ಹಾಗೇನೂ ಆಗಲಿಲ್ಲ. ಆಸ್ಪತ್ರೆಗೆ ಹೋದರು, ನಿವೃತ್ತರಾದರು, ಮೇಷ್ಟ್ರೂ ನಿವೃತ್ತರಾದರು. ಸಂಜೆ ಇಬ್ಬರೂ ಒಟ್ಟಿಗೆ ಅಡ್ಡಾಡಲು ಹೋಗುತ್ತಾರೆ, ಗಡ್ಡ ಹೆರೆಯುವವನ ರಾಜಕೀಯಕ್ಕೆ ನಗುತ್ತಾರೆ. ನೋಡಿದವರು ಒಳ್ಳೆಯ ಜೋಡಿ ಎನ್ನುತ್ತಾರೆ, ಸುಳ್ಳೂ ಅಲ್ಲ. ಆದರೆ ಮೊದಲೆಲ್ಲ ತಂಗಿಯ ಫೋನು ಬಂದಾಗ ನರ್ಸಮ್ಮ ನಡುನಡುವೆ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಗಂಡನಿಗೆ ಎಲ್ಲ ಹೇಳುತ್ತಿದ್ದರು, ಹಸು ಕರು ಹಾಕಿತಂತೆ, ಷಡ್ಡಕನ ಮೊಣಕಾಲು ಊದಿದೆಯಂತೆ, ಈ ಸಲ ಹಿಮ ಜಾಸ್ತಿಯಂತೆ. ಈಗ ಗೋಡೆಯ ಕಡೆ ಮುಖ ಮಾಡಿ ಮಾತಾಡಿ ಮುಗಿಸುತ್ತಾರೆ. ಮೇಷ್ಟ್ರು ಕಾದು ಕಾದು, “ಏನಂತೆ ಅಲ್ಲಿ?” ಎಂದು ಕೇಳುತ್ತಾರೆ.

“ಏನೂ ಇಲ್ಲ” ಎನ್ನುತ್ತಾರೆ ನರ್ಸಮ್ಮ, ಬೇಸರವಿಲ್ಲದೆಯೇ, ಮತ್ತು ಊಟಕ್ಕೆ ಏಳಿ ಎಂದು ಕರೆಯುತ್ತಾರೆ.